ಬಿಗಿಯಕ್ಕನ ಹೆಬ್ಬೆರಳು

ಕೇಬಲ್ ಸುತ್ತುವ ಹಾಲ್‌ನಲ್ಲಿ ಆಕೆಯನ್ನು ಎಲ್ಲರೂ ಬಿಗಿಯಕ್ಕ ಎನ್ನುತ್ತಾರೆ. ಗುರುತಿನ ಚೀಟಿಯಲ್ಲಿ ಬೇರೆ ಹೆಸರಿದೆ. ಅದನ್ನು ಗೇಟಿನ ಕಾವಲುಗಾರ ಕೂಡ ಓದುವುದಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರು ಕೈ ಬಿಗಿಯಿರಬೇಕು, ಜಿಪುಣಿಯಿರಬೇಕು ಎಂದುಕೊಳ್ಳುತ್ತಾರೆ. ಎರಡು ದಿನ ಆಕೆಯ ಡಬ್ಬಿಯಿಂದ ತಿಂದ ಮೇಲೆ ಆ ಅನುಮಾನ ಹೋಗುತ್ತದೆ.

ಹೆಸರು ಬಂದದ್ದು ಹಳೆಯ ಕೆಲಸದಿಂದ. ತಾಮ್ರದ ಕೇಬಲ್ ಮಾಡುವ ಕಾರ್ಖಾನೆಯಲ್ಲಿ ಆಕೆ ತಂತಿಯ ಹುರಿಗೆ ಕಾಗದದ ಪಟ್ಟಿ ಸುತ್ತುತ್ತಿದ್ದಳು. ಸುತ್ತು ಸಡಿಲವಾದರೆ ಒಳಗೆ ಗಾಳಿ ಉಳಿಯುತ್ತದೆ, ಗಾಳಿ ಉಳಿದಲ್ಲಿ ಕಿಡಿ ಹಾರುತ್ತದೆ, ಕಿಡಿ ಹಾರಿದಲ್ಲಿ ಕೇಬಲ್ ಸುಡುತ್ತದೆ. ಅಲ್ಲಿನ ವೇದ ಅಷ್ಟೇ. ಯಂತ್ರ ಪಟ್ಟಿಯನ್ನು ಇಳಿಸುವ ಜಾಗದಲ್ಲಿ ಬಲಗೈ ಹೆಬ್ಬೆರಳನ್ನಿಟ್ಟು, ಹೊಸ ಸುತ್ತನ್ನು ಹಿಂದಿನ ಸುತ್ತಿಗೆ ಒತ್ತಿ ಕೂರಿಸುವುದು ಆಕೆಯ ಪದ್ಧತಿ. ಯಾರೂ ಹೇಳಿಕೊಟ್ಟದ್ದಲ್ಲ. ಆ ಹೆಬ್ಬೆರಳಿನ ತುದಿ ಇಂದಿಗೂ ಚಪ್ಪಟೆಯಾಗಿ, ಉಜ್ಜಿದ ಮರದ ಹಾಗೆ ಹೊಳೆಯುತ್ತದೆ. ಆಕೆ ಸುತ್ತಿದ ಕೇಬಲ್ ಸುಟ್ಟಿತೆಂದು ಒಂದು ದೂರೂ ಬಂದದ್ದಿಲ್ಲ.

ಮದುವೆಯಾಗಲಿಲ್ಲ. ತಾಯಿ ತೀರಿಕೊಂಡಾಗ ತಂಗಿ ಇನ್ನೂ ಜಡೆ ಹಾಕಿಸಿಕೊಳ್ಳುವ ವಯಸ್ಸಿನವಳು. ಅವಳನ್ನು ಸಾಕಿ, ಓದಿಸಿ, ಗಂಡು ನೋಡಿದ್ದು ಬಿಗಿಯಕ್ಕನೇ. ಗಂಡು ಸಿಕ್ಕಿದ್ದು ಅದೇ ಕಾರ್ಖಾನೆಯಲ್ಲಿ, ಕೇಬಲ್‌ಗಳ ತುದಿಗೆ ಬೆಸುಗೆ ಹಾಕುವ ಮೇಜಿನ ಹಿಂದೆ. ಸದಾ ಬೆಸುಗೆಯ ಹೊಗೆಯೊಳಗೆ ಕೂತಿರುತ್ತಿದ್ದ ಆತನಿಗೆ ಹೊಗೆರಾಯ ಎಂದು ಹೆಸರಿಟ್ಟಿದ್ದರು.

"ಮುಖ ಹೇಗಿದೆಯೋ ಹೊಗೆಯಲ್ಲಿ ಕಾಣ್ಲಿಲ್ಲ. ಬೆಸುಗೆ ಮಾತ್ರ ಕನ್ನಡಿ ಇದ್ದ ಹಾಗಿತ್ತು. ಅಷ್ಟು ಸಾಕು ಅಂದ್ಕೊಂಡೆ," ಎಂದು ಬಿಗಿಯಕ್ಕ ಹೇಳುತ್ತಿದ್ದಳು.

"ಹೌದು, ಬೆಸುಗೆ ಜೊತೆ ಸಂಸಾರ ಮಾಡೋಳು ನಾನು ತಾನೆ," ಎಂದು ತಂಗಿ ಮೂತಿ ತಿರುಗಿಸುತ್ತಿದ್ದಳು. ಮೂವರೂ ಒಂದೇ ಬಾಡಿಗೆ ಮನೆಯಲ್ಲಿದ್ದರು. ಬೀದಿಗೆ ಕಿಟಕಿಯಿದ್ದ ಮುಂದಿನ ಕೋಣೆ ಅಕ್ಕನದು, ಹಿಂದಿನೆರಡು ಗಂಡ ಹೆಂಡತಿಯದು, ನಡುವಿನ ಅಡುಗೆಮನೆ ಎಲ್ಲರದು.

ತಾಮ್ರದ ಕಾರ್ಖಾನೆ ಸೊರಗುತ್ತ ಬಂದಾಗ ಬಿಗಿಯಕ್ಕ ಊರಾಚೆಯ ಹೊಸ ಕಾರ್ಖಾನೆ ಸೇರಿದಳು. ಅಲ್ಲಿ ಕಾಲೂರಿದ ಮೇಲೆ ಹೊಗೆರಾಯನನ್ನೂ ಕರೆಸಿಕೊಂಡಳು. "ತಂಗಿ ಗಂಡ ಅಂತ ಹೇಳ್ತಿಲ್ಲ, ಕೈ ನೋಡಿ ತಗೊಳ್ಳಿ," ಎಂದು ಮೇಸ್ತ್ರಿಯ ಮುಂದೆ ನಿಲ್ಲಿಸಿದ್ದಳು. ಮೇಸ್ತ್ರಿ ಕೈ ನೋಡಿಯೇ ತೆಗೆದುಕೊಂಡ.

ಹೊಸ ಕಾರ್ಖಾನೆಯ ಸರಕೇ ಬೇರೆ. ಅಲ್ಲಿ ತಯಾರಾಗುವುದು ಸೂಪರ್‌ಕಂಡಕ್ಟರ್ ಕೇಬಲ್. ಕೊರೆಯುವ ದ್ರವ ಸಾರಜನಕದಲ್ಲಿ ಮುಳುಗಿಸಿದರೆ ಅದರೊಳಗೆ ವಿದ್ಯುತ್ತು ಯಾವ ತಡೆಯೂ ಇಲ್ಲದೆ ಹರಿಯುತ್ತದೆ, ಬಿಸಿಯಾಗುವುದಿಲ್ಲ, ಪೋಲಾಗುವುದಿಲ್ಲ. ಬೆರಳು ದಪ್ಪದ್ದು ತೊಡೆಗಾತ್ರದ ತಾಮ್ರದ ಕೆಲಸ ಮಾಡುತ್ತದೆ. ನಡುವೆ ಒಂದು ತಾಮ್ರದ ಕೊಳವೆ, ಅದರ ಮೇಲೆ ಓರೆಯಾಗಿ, ಪದರದ ಮೇಲೆ ಪದರವಾಗಿ ಸುತ್ತಿದ ರಿಬ್ಬನ್‌ಗಳು. ರಿಬ್ಬನ್ ಹೊರಗಿನಿಂದ ತಾಮ್ರದ ಪಟ್ಟಿಯಂತೆಯೇ ಕಾಣುತ್ತದೆ. ಅದರ ಹೊಟ್ಟೆಯಲ್ಲಿ, ಗಟ್ಟಿ ಲೋಹದ ಹಾಳೆಯೊಂದರ ಮೇಲೆ, ಕೂದಲಿಗಿಂತ ತೆಳ್ಳಗಿನ ಪದರವೊಂದಿದೆ. ವಿದ್ಯುತ್ತನ್ನು ಹೊರುವುದು ಆ ಪದರ ಮಾತ್ರ. ಅದು ಪಿಂಗಾಣಿಯ ಜಾತಿಯದು, ಎಳೆತ ಅದಕ್ಕೆ ಆಗಿಬರುವುದಿಲ್ಲ.

ಇದನ್ನು ಸುತ್ತುವವರಿಗೆ ಕಲಿಸಿದವಳು ಪರೀಕ್ಷಾ ಕೋಣೆಯ ಇಂಜಿನಿಯರ್. ವಯಸ್ಸು ಚಿಕ್ಕದು, ಮಾತು ಕಡಿಮೆ. ಎಲ್ಲರಿಗೂ ಟೆಸ್ಟ್ ಮೇಡಂ. ಮೊದಲ ವಾರವೇ ಆಕೆ ಒಂದು ತುಂಡು ರಿಬ್ಬನ್ನನ್ನು ಸಾರಜನಕದ ಪೆಟ್ಟಿಗೆಯಲ್ಲಿ ಬಿಗಿದು, ಅದರ ತುದಿಗೆ ತೂಕ ನೇತುಹಾಕಿ, ಎಲ್ಲರನ್ನೂ ಮೀಟರಿನ ಮುಂದೆ ನಿಲ್ಲಿಸಿದಳು.

"ತೂಕ ಹಾಕಿದ್ರೆ ಹೊರೋ ಶಕ್ತಿ ಸ್ವಲ್ಪ ಇಳೀತು, ನೋಡಿದ್ರಾ? ಈಗ ತೆಗೀತೀನಿ."

ಮುಳ್ಳು ಮೊದಲಿನ ಜಾಗಕ್ಕೆ ಬಂತು.

"ಈಗ ಜಾಸ್ತಿ ಹಾಕ್ತೀನಿ." ಮುಳ್ಳು ದಢಕ್ಕನೆ ಕುಸಿಯಿತು. ತೂಕ ತೆಗೆದಳು. ಮುಳ್ಳು ಕೆಳಗೇ ನಿಂತಿತು. "ಇಷ್ಟೇ ವಿಷಯ. ಮಿತಿಯೊಳಗೆ ಎಳೆದ್ರೆ ವಾಪಸ್ ಬರುತ್ತೆ. ದಾಟಿದ್ರೆ ಬಿಟ್ರೂ ಬರಲ್ಲ. ಆ ಮಿತಿ ದೂರ ಏನಿಲ್ಲ. ನೂರು ಪಾಲಿನಲ್ಲಿ ಬರೀ ಅರ್ಧ ಪಾಲು ಉದ್ದ ಆಗೋ ಹೊತ್ತಿಗೆ ಒಳಗೆ ಬಿರುಕು ಬಿಟ್ಟಿರುತ್ತೆ."

ಆ ತುಂಡನ್ನು ಹೊರತೆಗೆದು, ಒಳ್ಳೆಯ ತುಂಡೊಂದರ ಪಕ್ಕ ಮೇಜಿನ ಮೇಲಿಟ್ಟಳು. ಯಾವುದು ಹಾಳಾಗಿದ್ದು ಹೇಳಿ ಎಂದಳು. ಮೇಸ್ತ್ರಿ ಕನ್ನಡಕ ಒರೆಸಿಕೊಂಡು ಎರಡನ್ನೂ ನೋಡಿದ. "ಎರಡೂ ನನ್ನ ಹೆಂಡ್ತಿ ಥರಾನೇ ಇವೆ ಮೇಡಂ. ಒಳಗೇನು ಒಡೆದಿದೆ ಅಂತ ಮುಖದಲ್ಲಿ ತೋರ್ಸಲ್ಲ."

ನಗು ಮುಗಿಯುವವರೆಗೆ ಕಾದು ಆಕೆ ಇನ್ನೆರಡು ಮಾತು ಹೇಳಿದಳು. ರಿಬ್ಬನ್ನನ್ನು ಅಂಗಾತ, ಚಪ್ಪಟೆ ಮೈಯ ಕಡೆಗೆ, ಬಗ್ಗಿಸಬಹುದು; ಮಗ್ಗುಲಿಗೆ, ಅಂಚಿನ ಕಡೆಗೆ, ಬಗ್ಗಿಸಬಾರದು. ಒಂದು ರಿಬ್ಬನ್ನಿಗೂ ಪಕ್ಕದ್ದಕ್ಕೂ ನಡುವೆ ಸಣ್ಣ ಸಂದು ಬಿಡಬೇಕು. ಕೇಬಲನ್ನು ಡ್ರಮ್ಮಿಗೆ ಸುತ್ತುವಾಗ ಅವು ಜರುಗಲು ಜಾಗವಿಲ್ಲದಿದ್ದರೆ ಒಂದನ್ನೊಂದು ನೂಕಿ ಹಾಳಾಗುತ್ತವೆ.

"ಇದೇನಮ್ಮ, ಹಲ್ಲು ಬಿದ್ದ ಬಾಯಿ ಥರ ಕಾಣುತ್ತಲ್ಲ," ಎಂದಳು ಬಿಗಿಯಕ್ಕ.

"ಕಾಣ್ಲಿ ಬಿಡಿ ಅಕ್ಕ. ಕರೆಂಟಿಗೆ ಕಣ್ಣಿಲ್ಲ."

ಬಿಗಿಯಕ್ಕ ಕಲಿತಳು. ಹೆಬ್ಬೆರಳನ್ನು ಮಡಚಿ ಕೆಲಸ ಮಾಡಿದಳು. ಚಿಕ್ಕ ಕೇಬಲ್‌ಗಳು ಒಂದಾದ ಮೇಲೊಂದು ಪರೀಕ್ಷೆ ದಾಟಿ ಹೋದವು. ಆಮೇಲೆ ಬಂತು ಉದ್ದನೆಯ ಕೇಬಲ್, ಕಾರ್ಖಾನೆ ಅದುವರೆಗೆ ಮಾಡದಷ್ಟು ಉದ್ದದ್ದು. ಕೊಳ್ಳುವವರು ಹೊರಪದರ ಮುಗಿಯುವ ದಿನ ಬಂದು, ಮೇಲೆ ಹೊದಿಕೆ ಬೀಳುವ ಮೊದಲು ಅದನ್ನು ಕಣ್ಣಾರೆ ನೋಡುತ್ತೇವೆ ಎಂದರು.

ಅಂದು ಮಧ್ಯಾಹ್ನ, ಉದ್ದದ ಅರ್ಧ ದಾಟಿದ ಮೇಲೆ, ಒಂದು ಸಂದು ಪಕ್ಕದ ಸಂದಿಗಿಂತ ಅಗಲವಾಗಿ ಕಂಡಿತು. ನಿಯಮದ ಪ್ರಕಾರ ಯಂತ್ರ ನಿಲ್ಲಿಸಿ ಮೇಡಂನನ್ನು ಕರೆಯಬೇಕು. ಮೇಡಂ ಅಂಗಳದಲ್ಲಿ, ಹೊತ್ತಿಗೆ ಬಾರದ ಸಾರಜನಕದ ಟ್ಯಾಂಕರಿನವನ ಜೊತೆ ಫೋನಿನಲ್ಲಿ ಜಗಳವಾಡುತ್ತಿದ್ದಳು. ಕೊಳ್ಳುವವರ ಕಾರು ಗೇಟಿನೊಳಗೆ ತಿರುಗಿದ್ದು ಕಿಟಕಿಯಿಂದ ಕಂಡಿತು. ಬಿಗಿಯಕ್ಕ ಹೆಬ್ಬೆರಳಿನಿಂದ ರಿಬ್ಬನ್ನಿನ ಅಂಚನ್ನು ಪಕ್ಕಕ್ಕೆ ಒತ್ತಿದಳು. ಸಂದು ಮುಚ್ಚಿತು. ಅದು ಮುಚ್ಚಿದ ಮೇಲೆ ಮುಂದಿನದು ಸೊಟ್ಟ ಕಂಡಿತು. ಅದನ್ನೂ ಒತ್ತಿದಳು. ಹಳೆಯ ಹೆಬ್ಬೆರಳು ತನ್ನ ಜಾಗ ಹುಡುಕಿಕೊಂಡ ಮೇಲೆ ಏಳಲೇ ಇಲ್ಲ. ಎಳೆತ ಅಳೆಯುವ ಉಪಕರಣ ಇದ್ದದ್ದು ಹಿಂದೆ, ಉರುಳೆಯ ಬಳಿ. ಹೆಬ್ಬೆರಳು ಇದ್ದದ್ದು ಮುಂದೆ. ಎಳೆತ ಮಿತಿ ಮೀರಿದರೆ ಹೊಡೆಯುವ ಗಂಟೆ ಹೊಡೆಯಲಿಲ್ಲ.

ಕೊಳ್ಳುವವರು ಬಂದರು, ಬಗ್ಗಿ ನೋಡಿದರು. "ಎಷ್ಟು ನೀಟಾಗಿದೆ," ಎಂದು ಒಬ್ಬ ಹೇಳಿದ್ದು ಬಿಗಿಯಕ್ಕನಿಗೆ ಕೇಳಿಸಿತು. ಸಂಜೆಯೊಳಗೆ ಹೊದಿಕೆ ಬಿತ್ತು, ಕೇಬಲ್ ಡ್ರಮ್ಮಿಗೆ ಏರಿತು. ಹೊಗೆರಾಯ ಎರಡೂ ತುದಿಗಳಲ್ಲಿ ರಿಬ್ಬನ್‌ಗಳನ್ನು ತಾಮ್ರದ ಗಟ್ಟಿಗಳಿಗೆ ಬೆಸೆದ.

ಪರೀಕ್ಷೆಯಲ್ಲಿ ಕೇಬಲ್ ಸೋತಿತು. ಸಾರಜನಕದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತನ್ನು ಏರಿಸುತ್ತ ಹೋದರೆ, ಹೊರಬೇಕಾದ ಹೊರೆಯ ಮುಕ್ಕಾಲಿಗೆ ಬರುವ ಮೊದಲೇ, ಪರದೆಯ ಮೇಲೆ ಅಲುಗದೆ ಮಲಗಿರಬೇಕಾದ ವೋಲ್ಟೇಜಿನ ಗೆರೆ ಮೇಲೆದ್ದಿತು. ಹೊದಿಕೆಗೆ ತೂತು ಬೀಳಬಾರದೆಂಬುದು ಕೊಳ್ಳುವವರ ಷರತ್ತು. ಹಾಗಾಗಿ ಅಳೆಯುವ ತಂತಿಗಳಿದ್ದದ್ದು ಎರಡು ತುದಿಗಳಲ್ಲಿ ಮಾತ್ರ. ತಪ್ಪು ಇದೆ ಎಂದು ಗೊತ್ತಾಯಿತು, ಎಲ್ಲಿದೆ ಎಂದು ಗೊತ್ತಾಗಲಿಲ್ಲ. ಉದ್ದನೆಯ ಕೇಬಲ್‌ಗಳಲ್ಲಿ ತಪ್ಪು ಸಾಮಾನ್ಯವಾಗಿ ಇರುವುದು ತುದಿಯಲ್ಲಿ. ಬೆಸುಗೆಯ ಕಾವು ಹೆಚ್ಚಾದರೂ ರಿಬ್ಬನ್ ಕೆಡುತ್ತದೆ.

ಟೆಸ್ಟ್ ಮೇಡಂ ಹೊಗೆರಾಯನನ್ನು ಎಲ್ಲರ ಎದುರಿಗೇ, ಆದರೆ ಮೆತ್ತಗೆ ಕೇಳಿದಳು. "ಕಾವು ಜಾಸ್ತಿ ಆಗಿರಬಹುದಾ?"

ಇಲ್ಲ ಎನ್ನುವವನು ಆತನಲ್ಲ. ಯೋಚಿಸಿ ಹೇಳಿದ: "ಇರಬಹುದು ಮೇಡಂ. ಎರಡನೇ ತುದೀಲಿ ಸೀಸ ಹರೀಲಿಲ್ಲ ಅಂತ ಸ್ವಲ್ಪ ಹೊತ್ತು ಹಿಡಿದಿದ್ದೆ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋತಾನಲ್ಲಪ್ಪ ಇವನು!" ಎಂದ ಮೇಸ್ತ್ರಿ.

ಎಲ್ಲರೂ ನಕ್ಕರು. ಬಿಗಿಯಕ್ಕನೂ ನಕ್ಕಳು. ಕೈಗವಸಿನೊಳಗೆ ಆಕೆಯ ಹೆಬ್ಬೆರಳು ಮುಷ್ಟಿಯೊಳಗೆ ಸೇರಿಕೊಂಡಿತ್ತು. ಆಮೇಲಿನ ದಿನಗಳ ಮೌನಕ್ಕಿಂತ ಆ ನಗುವೇ ಆಕೆಯನ್ನು ಹೆಚ್ಚು ತಿನ್ನುತ್ತದೆ. ಮೌನಕ್ಕೆ ಕಾರಣ ಕೊಟ್ಟುಕೊಳ್ಳಬಹುದು, ನಗುವಿಗೆ ಏನು ಕೊಡುವುದು?

ಕಾರಣಗಳೂ ಇದ್ದವು. ಮೊದಲನೆಯದು: ನಿಜವಾಗಿಯೂ ಬೆಸುಗೆಯದೇ ತಪ್ಪಿರಬಹುದಲ್ಲ. ಹೊಗೆರಾಯ ಎರಡೂ ತುದಿ ಕತ್ತರಿಸಿ ಹೊಸದಾಗಿ ಬೆಸೆದ. ಈ ಸಲ ಉಸಿರು ಹಿಡಿದು, ಕಾವನ್ನು ಪದೇ ಪದೇ ನೋಡಿಕೊಂಡು ಬೆಸೆದ. ಗೆರೆ ಮತ್ತೆ ಅದೇ ಜಾಗದಲ್ಲಿ ಮೇಲೆದ್ದಿತು. ಆ ಕಾರಣ ಅಲ್ಲಿಗೆ ಸತ್ತಿತು. ಆದರೆ ಬಿಗಿಯಕ್ಕನ ಬಾಯಿ ತೆರೆಯಲಿಲ್ಲ. ಮ್ಯಾನೇಜರ್ ಹೊಗೆರಾಯನನ್ನು ಬೆಸುಗೆ ಮೇಜಿನಿಂದ ಎಬ್ಬಿಸಿ ಉಗ್ರಾಣಕ್ಕೆ ಕಳಿಸಿದ. ತಿಂಗಳ ಕೊನೆಗೆ ನೋಡೋಣ ಎಂದ. ನೋಡೋಣ ಎಂದರೇನು ಎಂದು ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತು.

ಮನೆಯಲ್ಲಿ ಊಟದ ಹೊತ್ತು ಕಷ್ಟವಾಯಿತು. ತಂಗಿ ತಟ್ಟೆಗಳನ್ನು ಸದ್ದು ಮಾಡಿ ಇಡುತ್ತಿದ್ದಳು.

"ಕಾವು ಹಿಡಿದಿದ್ದೆ ಅಂತ ನೀವ್ಯಾಕೆ ಬಾಯಿ ಬಿಟ್ರಿ? ಕೇಳಿದವರಿಗೆಲ್ಲ ತಪ್ಪು ಹಂಚಿ ಬರೋಕೆ ದಾನಶೂರರಾ ನೀವು?"

"ಹಿಡಿದಿದ್ದು ನಿಜ ಅಲ್ವೇನೆ."

"ನಿಜ ಅಂತೆ. ಅಕ್ಕ ನಿಮ್ಮನ್ನ ಕರ್ಕೊಂಡು ಹೋಗಿ ಸೇರಿಸಿದ್ಲು. ಅವಳ ಮುಖಕ್ಕೂ ಮಸಿ ಬಳಿದ್ರಿ. ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ, ಉಣ್ಣಿ."

ಮಾಡಿದವಳು ಎದುರಿಗೇ ಕೂತು ಉಣ್ಣುತ್ತಿದ್ದಳು. "ಬಿಡೆ, ಪಾಪ," ಎಂದಳು. ಹೊಗೆರಾಯ ತಲೆಯೆತ್ತಿ ಆಕೆಯ ಕಡೆ ನೋಡಿದ. ಆ ನೋಟದಲ್ಲಿ ಇದ್ದದ್ದು ಕೃತಜ್ಞತೆ.

ಎದುರು ಮನೆಯ ಮುದುಕ ಹಳೆಯ ರೇಡಿಯೋ ಹಿಡಿದು ಬಂದಾಗ, ಯಾವಾಗಲೂ ಬಾಗಿಲಲ್ಲೇ ಬಿಚ್ಚಿ ಕೂರುತ್ತಿದ್ದ ಹೊಗೆರಾಯ, "ಬೇರೆಯವರಿಗೆ ಕೊಡಿ ತಾತ, ನನ್ನ ಕೈ ಈಗ ಸರಿ ಇಲ್ಲ," ಎಂದ. ಮುದುಕ ಹೋದ ಮೇಲೆ ಬಲಗೈಯನ್ನು ಮುಂದೆ ಚಾಚಿ, ಬೆರಳುಗಳನ್ನು ಅಗಲಿಸಿ, ಬೇರೆ ಯಾರದೋ ಕೈಯನ್ನು ನೋಡುವಂತೆ ನೋಡಿಕೊಂಡ. ಬಿಗಿಯಕ್ಕ ಮುಂದಿನ ಕೋಣೆಯಿಂದ ಅದನ್ನು ಕಂಡಳು.

ಇನ್ನೊಂದು ಕಾರಣ ಹೆಸರು. ಆಕೆಗೆ ಬೇರೆ ಆಸ್ತಿ ಇರಲಿಲ್ಲ. ಮನೆ ಬಾಡಿಗೆಯದು, ಮಕ್ಕಳಿಲ್ಲ. ಬಿಗಿಯಕ್ಕ ಎಂಬ ಹೆಸರೊಂದಿತ್ತು. ಅದನ್ನು ಬಿಟ್ಟರೆ ಯಂತ್ರದ ಮುಂದೆ ನಿಲ್ಲುವ ವಯಸ್ಸಾದ ಹೆಂಗಸು, ಅಷ್ಟೇ. ಈ ಲೆಕ್ಕವನ್ನು ಆಕೆ ದಿನವೂ ಹಾಕಿದಳು. ದಿನವೂ ಹೆಸರೇ ಗೆದ್ದಿತು.

ಒಂದು ಬೆಳಿಗ್ಗೆ ಕತ್ತರಿಸುವ ಯಂತ್ರವನ್ನು ಡ್ರಮ್ಮಿನ ಪಕ್ಕಕ್ಕೆ ತಳ್ಳಿಕೊಂಡು ಬಂದರು. ಸೋತ ಕೇಬಲನ್ನು ಮೊಳದುದ್ದದ ತುಂಡು ಮಾಡುವುದೆಂದು ತೀರ್ಮಾನವಾಗಿತ್ತು.

"ತುಂಡು ಮಾಡಿ ಏನು ಮಾಡ್ತಾರೆ?" ಬಿಗಿಯಕ್ಕ ಕೇಳಿದಳು.

"ಬೆಸುಗೆಗೆ ಹೊಸಬ ಬರ್ತಾನಂತೆ. ಅವನಿಗೆ ಕೈ ಪಳಗಿಸೋಕೆ," ಎಂದ ಮೇಸ್ತ್ರಿ. ಆಮೇಲೆ, ಯಾರ ಹೆಂಡತಿಯ ಅಕ್ಕನ ಮುಂದೆ ಹೇಳುತ್ತಿದ್ದೇನೆಂದು ನೆನಪಾಗಿ, "ಏನು ಮಾಡೋದು ಬಿಗಿಯಕ್ಕ, ನಮ್ಮ ಕೈಲಿಲ್ಲ," ಎಂದು ಸೇರಿಸಿದ.

ಕೇಬಲ್ ತುಂಡಾದರೆ ಮಧ್ಯದ ಆ ಸುತ್ತುಗಳು ಚೂರುಚೂರಾಗಿ ಪೆಟ್ಟಿಗೆ ಸೇರುತ್ತವೆ. ಮತ್ತೆ ಯಾರಿಗೂ ಯಾವತ್ತೂ ಗೊತ್ತಾಗುವುದಿಲ್ಲ. ಇದು ಬಿಗಿಯಕ್ಕನಿಗೆ ತಕ್ಷಣ ಹೊಳೆಯಿತು, ಹೊಳೆದೊಡನೆ ಮೈ ಹಗುರಾಯಿತು. ಆ ಹಗುರವೇ ಆಕೆಯನ್ನು ಹೆದರಿಸಿತು. ಕೈಗವಸು ತೆಗೆದು ಯಂತ್ರದ ಮೇಲಿಟ್ಟು ಪರೀಕ್ಷಾ ಕೋಣೆಗೆ ನಡೆದಳು.

ಟೆಸ್ಟ್ ಮೇಡಂ ತೊಟ್ಟಿಯ ಮುಚ್ಚಳ ಎತ್ತುತ್ತಿದ್ದಳು. ಬಿಳಿ ಹಬೆ ನೆಲದ ಮೇಲೆ ಹರಿದು ಇಬ್ಬರ ಕಾಲನ್ನೂ ಮುಚ್ಚಿತು.

"ಕೇಬಲ್ ಕತ್ತರಿಸ್ಬೇಡಿ ಮೇಡಂ."

"ಯಾಕೆ ಅಕ್ಕ?"

"ತಪ್ಪು ತುದೀಲಿಲ್ಲ. ಮಧ್ಯದಲ್ಲಿದೆ. ಅರ್ಧ ದಾಟಿದ ಮೇಲೆ, ಹೊರಪದರದಲ್ಲಿ. ನಾನೇ ಒತ್ತಿದ್ದು."

ಮೇಡಂ ಮುಚ್ಚಳವನ್ನು ಕೆಳಗಿಟ್ಟಳು. ಒಂದು ತುಂಡು ರಿಬ್ಬನ್ ಕೊಟ್ಟು, ಹೇಗೆ ಒತ್ತಿದಿರಿ ತೋರಿಸಿ ಎಂದಳು. ಬಿಗಿಯಕ್ಕ ತೋರಿಸಿದಳು. ರಿಬ್ಬನ್ನಿನ ಅಂಚು ಹೆಬ್ಬೆರಳಿನಡಿ ಮಗ್ಗುಲಿಗೆ ಬಾಗಿತು.

"ಎಷ್ಟು ಸುತ್ತು?"

"ಲೆಕ್ಕ ಇಟ್ಟಿಲ್ಲ. ಅವರು ಬರೋವರೆಗೂ."

"ಸಂದು ಪೂರ್ತಿ ಮುಚ್ಚಿದ್ರಾ?"

"ಮುಚ್ಚಿದೆ."

"ಅವತ್ತೇ ಯಾಕೆ ಹೇಳ್ಲಿಲ್ಲ?"

"ನೀಟಾಗಿದೆ ಅಂದ್ರು," ಎಂದಳು. ಆಮೇಲೆ ತನ್ನ ಮಾತು ತನಗೇ ಕೇಳಿಸಿ ಮುಖ ಬೇರೆ ಕಡೆ ತಿರುಗಿಸಿದಳು.

ಮೇಡಂ ಬೈಯಲಿಲ್ಲ. ಕೊಳ್ಳುವವರಿಗೆ ಹೇಗೂ ಬೇಡವಾದ ಕೇಬಲ್. ಹೊದಿಕೆಗೆ ಅಲ್ಲಲ್ಲಿ ಸಣ್ಣ ಕಿಟಕಿ ಕೊರೆದು ತಂತಿಗಳನ್ನು ಜೋಡಿಸಿ ಮತ್ತೆ ತೊಟ್ಟಿಗೆ ಇಳಿಸಿದಳು. ಎರಡು ತುದಿಗಳ ಗೆರೆಗಳು ಕೊನೆಯವರೆಗೂ ಅಲುಗಲಿಲ್ಲ. ಅರ್ಧದಾಚೆಯ ಒಂದು ಭಾಗದ ಗೆರೆ ಮಾತ್ರ ಬೇಗ ಎದ್ದು ನಿಂತಿತು. ಅಲ್ಲಿನ ರಿಬ್ಬನ್ನನ್ನು ಬಿಡಿಸಿ, ಮೇಲಿನ ತಾಮ್ರವನ್ನು ಆಮ್ಲದಲ್ಲಿ ಕರಗಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಬಿಗಿಯಕ್ಕ ತಾನೂ ನೋಡುತ್ತೇನೆಂದಳು. ಅಂಚಿನಿಂದ ಒಳಕ್ಕೆ, ಹಳೆಯ ಪಿಂಗಾಣಿ ಬಟ್ಟಲಿನಲ್ಲಿರುವಂಥ ಬಿರುಕುಗಳು. ಒಂದೊಂದು ಒತ್ತಿಗೂ ಒಂದೊಂದು ಗುಂಪು. ನೋಡಿ ಮುಗಿದ ಮೇಲೂ ಕಣ್ಣು ತೆಗೆಯಲಿಲ್ಲ.

"ನನ್ನನ್ನ ಯಂತ್ರದಿಂದ ತೆಗೆದುಬಿಡಿ ಮೇಡಂ."

"ಮ್ಯಾನೇಜರ್ ಏನು ಹೇಳ್ತಾರೋ ನಂಗೊತ್ತಿಲ್ಲ. ನನ್ನ ಕೇಳಿದ್ರೆ, ಇನ್ನು ಮುಂದೆ ಆ ಹೆಬ್ಬೆರಳು ಅಲ್ಲಿಗೆ ಹೋಗಲ್ಲ ಅಂತೀನಿ. ಹೊಸಬರ ಹೆಬ್ಬೆರಳು ಏನು ಮಾಡುತ್ತೋ ಯಾರಿಗೆ ಗೊತ್ತು?"

ಮ್ಯಾನೇಜರ್ ಕೂಗಾಡಿದ, ಎಚ್ಚರಿಕೆ ಪತ್ರ ಕೊಟ್ಟ, ಯಂತ್ರದಲ್ಲೇ ಇರಿಸಿಕೊಂಡ. ಶಿಕ್ಷೆ ಇಷ್ಟೇನಾ ಎಂದು ಬಿಗಿಯಕ್ಕನಿಗೇ ಅನಿಸಿತು. ಉಳಿದದ್ದು ಮನೆಯಲ್ಲಿತ್ತು.

ಸುದ್ದಿ ತಾನೇ ಹೇಳಬೇಕೆಂದು ಹೊಗೆರಾಯನಿಗಿಂತ ಮೊದಲು ಮನೆ ಸೇರಿದಳು. ತಂಗಿ ಒಲೆಯ ಮುಂದಿದ್ದಳು. ಕೇಳುತ್ತ ಕೇಳುತ್ತ ಅವಳ ಕೈಯ ಸೌಟು ನಿಂತಿತು.

"ನಾನು ಇವರಿಗೆ ಏನೇನು ಅಂದೆ," ಎಂದಳು ತಂಗಿ. ದನಿ ಎತ್ತರಿಸಲಿಲ್ಲ. "ಇದೇ ಜಾಗದಲ್ಲಿ. ನೀನು ಅಲ್ಲಿ ಕೂತು ಕೇಳಿಸ್ಕೊಂಡೆ. ಅನ್ನ ಕಲಸ್ತಾ ಕೇಳಿಸ್ಕೊಂಡೆ. ತಪ್ಪು ಮಾಡ್ದೆ, ಸರಿ, ಎಲ್ರೂ ಮಾಡ್ತಾರೆ. ನನ್ನ ಬಾಯಲ್ಲಿ ಅದನ್ನೆಲ್ಲ ಯಾಕೆ ಅನ್ನಿಸ್ದೆ ಅಕ್ಕ?"

ಹೊಗೆರಾಯ ಬಂದವನು ಬಾಗಿಲಲ್ಲೇ ನಿಂತು ಇಬ್ಬರ ಮುಖ ನೋಡಿದ. ಆತನಿಗೆ ಆಗಲೇ ಮೇಸ್ತ್ರಿ ಹೇಳಿದ್ದ.

"ಎತ್ತಿಗೆ ಜ್ವರ, ಎಮ್ಮೆಗೆ ಬರೆ," ಎಂದ. "ನಾನು ಎಮ್ಮೆ ಅಂತ ನೀನು ಮೊದಲಿಂದಲೂ ಹೇಳ್ತಿದ್ಯಲ್ಲೇ."

ಯಾರೂ ನಗಲಿಲ್ಲ. ಆತ ಚಪ್ಪಲಿ ಬಿಟ್ಟು ಒಳಗೆ ಬಂದ. "ಅಕ್ಕ, ನನಗೆ ಒಂದು ಮಾತು ಹೇಳಿದ್ರೆ ಆಗ್ತಿತ್ತು. ನನ್ನ ತಪ್ಪು ಅಂತಲೇ ಇದ್ದುಬಿಡ್ತಿದ್ದೆ. ನಿಮ್ಮ ಹೆಸರು ದೊಡ್ಡದು. ಆದ್ರೆ ನನ್ನ ಕೈ ಸರಿ ಇದೆ ಅಂತ ನನಗಾದ್ರೂ ಗೊತ್ತಿರ್ತಿತ್ತು."

ಬೈದಿದ್ದರೆ ಬಿಗಿಯಕ್ಕ ತಡೆದುಕೊಳ್ಳುತ್ತಿದ್ದಳು. ಎದ್ದು ಮುಂದಿನ ಕೋಣೆಗೆ ಹೋಗಿ ಕಿಟಕಿಯ ಬಳಿ ಕೂತಳು. ಅಂದು ತಂಗಿ ಊಟಕ್ಕೆ ಕರೆಯಲಿಲ್ಲ; ತಟ್ಟೆ ತಂದು ಹೊಸ್ತಿಲ ಮೇಲಿಟ್ಟು ಹೋದಳು. ಈಗ ಇಬ್ಬರ ನಡುವೆ ಮಾತು ಇದೆ, ಅಗತ್ಯಕ್ಕೆ ತಕ್ಕಷ್ಟು: ಉಪ್ಪು, ನೀರು, ಬಾಗಿಲು ಹಾಕು.

ಹೊಗೆರಾಯ ಬೆಸುಗೆ ಮೇಜಿಗೆ ಮರಳಿದ್ದಾನೆ. ಮರಳಿದ ದಿನ ಮೇಸ್ತ್ರಿ ಎಲ್ಲರೆದುರು ಕ್ಷಮೆ ಕೇಳಿ, ಟೀ ತರಿಸಿದ. ಕೇಬಲನ್ನು ಹೊಸದಾಗಿ ಸುತ್ತಿದ್ದು ಬಿಗಿಯಕ್ಕನೇ; ಸಂದುಗಳನ್ನು ಹಾಗೇ ಬಿಟ್ಟು, ಎಡಗೈಯಲ್ಲಿ ಬಲಗೈಯ ಮಣಿಕಟ್ಟು ಹಿಡಿದು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಅದು ಪೂರ್ತಿ ಹೊರೆ ಹೊತ್ತಿತು. ತುದಿಗಳನ್ನು ಬೆಸೆದವನು ಹೊಗೆರಾಯ. ಬೆಸುಗೆಗಳಲ್ಲಿ ದೋಷವಿಲ್ಲ. ಆದರೆ ಮೊದಲು ಒಂದೇ ಸಲಕ್ಕೆ ಎಳೆದು ಬಿಡುತ್ತಿದ್ದ ಸೀಸವನ್ನು ಈಗ ನಿಲ್ಲಿಸಿ ನಿಲ್ಲಿಸಿ ಎಳೆಯುತ್ತಾನೆ. ಎದುರು ಮನೆಯ ರೇಡಿಯೋ ಇನ್ನೂ ಹಾಗೇ ಇದೆ.

ಮಧ್ಯಾಹ್ನ ಬಿಡುವಿನಲ್ಲಿ ಬಿಗಿಯಕ್ಕ ಬೆಸುಗೆ ಮೇಜಿನ ಬಳಿ ಹೋಗುತ್ತಾಳೆ. ಹೊಗೆ ಇಳಿಯುವವರೆಗೆ ಕಾಯುತ್ತಾಳೆ. ಯಾರಿಗೂ ತನ್ನ ಕೆಲಸ ತೋರಿಸಿ ಗೊತ್ತಿಲ್ಲದವನು ಗಟ್ಟಿಯನ್ನು ಬೆಳಕಿಗೆ ತಿರುಗಿಸಿ ಆಕೆಯ ಮುಂದೆ ಹಿಡಿಯುತ್ತಾನೆ.

"ನೋಡಿ ಅಕ್ಕ, ಸರಿ ಇದೆಯಾ?"

ಅದರಲ್ಲಿ ಆಕೆಯ ಮುಖ ಕಾಣುತ್ತದೆ, ಅಷ್ಟು ನಯವಾಗಿದೆ. "ಸರಿ ಇದೆ," ಎನ್ನುತ್ತಾಳೆ.

"ಖಂಡಿತಾ?"

"ಖಂಡಿತಾ ಕಣಪ್ಪ."

ಆತ ತಲೆಯಾಡಿಸಿ, ಗಟ್ಟಿಯನ್ನು ಮತ್ತೆ ತನ್ನ ಕಡೆ ತಿರುಗಿಸಿಕೊಂಡು, ಇನ್ನೊಂದು ಸಲ ನೋಡುತ್ತಾನೆ.